ನೀಲಗಂಗಮ್ಮನ ಹತ್ತು ಸಾವಿರ ನೆರಳುಗಳು

ಹೊಸ ಆ್ಯಪ್ ಯಾವುದೇ ಇರಲಿ, ಜನ ಮುಟ್ಟುವ ಮೊದಲು ಕಂಪ್ಯೂಟರಿನೊಳಗಿನ ಅವರ ನೆರಳುಗಳು ಮುಟ್ಟಿ ನೋಡಬೇಕೆಂಬುದು ಈಗಿನ ಪದ್ಧತಿ. ಯಾರ ನೆರಳೋ ಅವರು ಮಾಡಿದ್ದನ್ನೇ ಅದೂ ಮಾಡುತ್ತದೆ. ಗದಗಿನ ನೀಲಗಂಗಮ್ಮನ ಹತ್ತು ಸಾವಿರ ನೆರಳುಗಳು ಆ ಬೆಳಿಗ್ಗೆ ಗ್ಯಾಸ್ ಬುಕ್ಕಿಂಗಿನ ಹೊಸ ಆ್ಯಪಿಗೆ ನುಗ್ಗಿ, ಕೊನೆಯ ಗುಂಡಿಯ ಮುಂದೆ ಗಕ್ಕನೆ ನಿಂತುಬಿಟ್ಟವು. ಪರೀಕ್ಷೆಯ ಹೊಣೆ ಹೊತ್ತಿದ್ದ ಮೌನೇಶ ಅವಳ ಮನೆಗೇ ಓಡಿಬಂದ.

"ಅಕ್ಕಾರ, ನಾಳೆ ಇಡೀ ಜಿಲ್ಲಾದ ಮಂದಿ ಬುಕ್ ಮಾಡ್ತಾರ. ಸರ್ವರ್ ತಡೀತೈತೋ ಇಲ್ಲೋ ಇವತ್ತ ಗೊತ್ತಾಗಬೇಕು. ನಿಮ್ಮ ನೆರಳೆಲ್ಲಾ ಯಾಕ ನಿಂತಾವ್ರಿ?"

"ಯಜಮಾನ್ರನ್ನ ಕೇಳದ ನಾ ಎಂದೂ ಒತ್ತಂಗಿಲ್ಲಪಾ" ಎಂದ ನೀಲಗಂಗಮ್ಮ, ತನ್ನ ಫೋನಿನ ಅದೇ ಗುಂಡಿಯ ಮೇಲೆ ಬೆರಳು ಹಿಡಿದು ಕೂಗಿದಳು, "ಒತ್ತಲೇನ್ರೀ?"

ಗಂಡ ಶಂಕ್ರಪ್ಪ ಪೇಪರಿನಲ್ಲಿ ಮುಳುಗಿದ್ದ. ಮತ್ತೆ ಕೇಳಿದಳು. ಪುಟ ಮಗುಚಿದ ಸದ್ದಷ್ಟೇ ಬಂತು. ಮೌನೇಶ ತಂದಿದ್ದ ಲ್ಯಾಪ್‌ಟಾಪಿನ ಪರದೆಯಲ್ಲಿ ಹತ್ತು ಸಾವಿರ ಬೆರಳುಗಳು ಗಾಳಿಯಲ್ಲೇ ಕಾಯುತ್ತಿದ್ದವು. ಅದನ್ನು ಕಂಡದ್ದೇ ನೀಲಗಂಗಮ್ಮನಿಗೆ ಎಲ್ಲಿಲ್ಲದ ಸಿಟ್ಟು ಬಂತು.

"ಇಷ್ಟೂ ಮಂದಿ ಇವರೊಬ್ಬರ ಬಾಯಿ ಕಾಯಬೇಕನ?" ಎಂದವಳೇ ಒತ್ತಿಬಿಟ್ಟಳು.

ಹತ್ತು ಸಾವಿರ ನೆರಳುಗಳೂ ಒಟ್ಟಿಗೇ ಒತ್ತಿದವು. ಸರ್ವರ್ ಅಂಗಾತ ಮಲಗಿತು.

"ಬಿತ್ತು! ಇವತ್ತ ಬಿತ್ತು!" ಮೌನೇಶ ಕುಣಿದಾಡಿದ. "ನಾಳೆ ಬಿದ್ದಿದ್ರ ನನ್ನ ನೌಕರೀನೂ ಬೀಳ್ತಿತ್ತು!"

ಆಗ ಶಂಕ್ರಪ್ಪ ಪೇಪರ್ ಇಳಿಸಿದ.

"ಏನೋ ಕೇಳಿದೆಲ್ಲಾ? ಹ್ಞೂಂ, ಒತ್ತು."