ಅಹನಾಳ ಮೂರು ನಿಮಿಷ

"ನೀನು ಹಿಂದೆ ಸರಿದುಬಿಡು ಪುಟ್ಟಿ," ಎಂದ ರಾಜಗೋಪಾಲ, ಕಾಫಿ ಕಪ್ಪನ್ನು ಅವಳ ಕೈಗೆ ಕೊಡುತ್ತ. "ಕೊನೇಲಿದೀಯ. ಹೆಂಗೂ ಗೆಲ್ಲಲ್ಲ. ನಮ್ಮವರ ವೋಟು ಸುಮ್ನೆ ಎರಡು ಕಡೆ ಹಂಚಿ ಹೋಗತ್ತೆ."

ಸ್ವೀಡನ್ನಿನ ಸೊಲ್ಲೆಂಟುನಾ ಊರಿನ ಶಾಲೆಯೊಂದರ ಸಭಾಂಗಣದಲ್ಲಿ ಪಕ್ಷದ ಸಭೆ ಇನ್ನೇನು ಶುರುವಾಗುವುದರಲ್ಲಿತ್ತು. ಊರಿನ ಆಡಳಿತದ ಚುನಾವಣೆಗೆ ಪಕ್ಷದಿಂದ ಯಾರು ನಿಲ್ಲಬೇಕೆಂದು ಸದಸ್ಯರೇ ಮತ ಹಾಕಿ ಆರಿಸುವ ದಿನ. ಮೊದಲ ಸುತ್ತಿನ ಮತದ ಪಟ್ಟಿಯಲ್ಲಿ ರಾಜಗೋಪಾಲ ಗೆಲ್ಲುವ ಜಾಗಕ್ಕೆ ಒಂದೇ ಮೆಟ್ಟಿಲು ಕೆಳಗೆ ನಿಂತಿದ್ದ. ಅಹನಾ ಎಲ್ಲರಿಗಿಂತ ಕೆಳಗಿದ್ದಳು. ಪಕ್ಕದ ಬೀದಿಯ ಪದ್ಮಿನಿಯ ಮಗಳು, ಡಾಗಿಸ್ ಎಂಬ ಶಿಶುವಿಹಾರದ ಮರಳಿನಲ್ಲಿ ಆಡುತ್ತಿದ್ದಾಗಿನಿಂದ ಅವನು ಕಂಡ ಹುಡುಗಿ. ಈಗ ಕಾಲೇಜು ಓದುತ್ತ, ಶನಿವಾರ ಭಾನುವಾರ ವೃದ್ಧಾಶ್ರಮವೊಂದರಲ್ಲಿ ಕೆಲಸ ಮಾಡುತ್ತಾಳೆ.

"ಗೆಲ್ಲಲ್ಲ ಅಂತ ನಂಗೂ ಗೊತ್ತು ಅಂಕಲ್. ಆದ್ರೆ ನಿಂತಿರೋರಿಗೆಲ್ಲ ಇವತ್ತು ಮೂರು ನಿಮಿಷ ಮೈಕ್ ಸಿಗತ್ತಲ್ಲ, ನಂಗೆ ಅಷ್ಟೇ ಬೇಕಿರೋದು. ನಮ್ ಹೋಮಲ್ಲಿ ಮೇಲಿನ ಫ್ಲೋರಲ್ಲಿರೋರು ಸಮ್ಮರ್ ಆದ್ಮೇಲೆ ಕೆಳಗೇ ಇಳಿದಿಲ್ಲ. ಕರ್ಕೊಂಡು ಹೋಗೋಕೆ ಸ್ಟಾಫ್ ಇಲ್ಲ. ಒಬ್ರು ಅಜ್ಜಿ ಬೆಳಗ್ಗೆಯಿಂದ ಕೋಟ್ ಹಾಕ್ಕೊಂಡೇ ಕಿಟಕಿ ಹತ್ರ ಕೂತಿರ್ತಾರೆ, ಯಾರಾದ್ರೂ ಬರಬಹುದು ಅಂತ. ಅದನ್ನ ಇವ್ರಿಗೆಲ್ಲ ಹೇಳ್ಬೇಕು."

ರಾಜಗೋಪಾಲನ ಕಣ್ಣು ಬಾಗಿಲ ಮೇಲಿತ್ತು. ಒಳಗೆ ಬರುತ್ತಿದ್ದವರಲ್ಲಿ ತನ್ನ ಕಡೆಯವರು ಯಾರು, ಅಲ್ಲದವರು ಯಾರು ಎಂಬ ಲೆಕ್ಕದಲ್ಲಿ ಅವಳ ಮಾತು ಅರ್ಧ ಕಿವಿಗೆ ಬಿತ್ತು, ಅರ್ಧ ಬೀಳಲಿಲ್ಲ. "ಅಷ್ಟೇ ತಾನೆ? ಅದನ್ನ ನಾನೇ ಹೇಳ್ತೀನಿ ಬಿಡು. ನಿನ್ನಮ್ಮನ ಹತ್ರಾನೂ ಮಾತಾಡಿದೀನಿ. ನೀವು ಹೇಳಿದ್ಮೇಲೆ ಅವಳು ಇಲ್ಲ ಅನ್ನಲ್ಲ ಅಂದ್ರು."

ಅಹನಾ ಕಾಫಿಯ ಜೊತೆಗಿದ್ದ ಬನ್ನಿನ ಮೇಲಿನ ಸಕ್ಕರೆಯನ್ನು ಉಗುರಿನಿಂದ ಕೆರೆಯುತ್ತ ನಿಂತಳು. "ನಿಜವಾಗ್ಲೂ ಹೇಳ್ತೀರಾ?"

"ಏನಮ್ಮ, ನನ್ ಮೇಲೆ ನಂಬಿಕೆ ಇಲ್ವಾ?"

ಈ ಪ್ರಶ್ನೆ ಹಾಕಿದ ಮೇಲೆ ನಮ್ಮ ಮನೆಗಳ ಯಾವ ಮಕ್ಕಳು ತಾನೇ ಇಲ್ಲ ಎಂದಾವು! ಸಭೆ ಶುರುವಾಗುತ್ತಲೇ ಅವಳು ಎದ್ದು ನಿಂತು, ತನ್ನ ಹೆಸರನ್ನು ವಾಪಸ್ಸು ತೆಗೆದುಕೊಳ್ಳುತ್ತಿದ್ದೇನೆ ಎಂದು ಸ್ವೀಡಿಷ್‌ನಲ್ಲಿ ಹೇಳಿ ಕೂತಳು.

ಇಷ್ಟಕ್ಕೇ ಸುಮ್ಮನಿದ್ದರೆ ರಾಜಗೋಪಾಲನ ಗಂಟೇನು ಹೋಗುತ್ತಿತ್ತು? ಆದರೆ ಅವನು ಕನ್ನಡ ಕೂಟದಲ್ಲಿ ಪಳಗಿದ ಕೈ. ಅಲ್ಲಿ ಅಧ್ಯಕ್ಷರು ಪ್ರತಿ ಸಲವೂ ಅವಿರೋಧವಾಗಿಯೇ ಆಯ್ಕೆಯಾಗುವುದು. ಆ ಅವಿರೋಧದ ಹಿಂದೆ ಎಷ್ಟು ಫೋನುಗಳು ಓಡಾಡಿರುತ್ತವೆ ಎಂಬುದು ಬೇರೆ ಮಾತು. ಹಿಂದೆ ಸರಿದವರಿಗೆ ವೇದಿಕೆಯ ಮೇಲೆ ಒಂದು ಶಾಲು ಹೊದಿಸಿದರೆ ಎಲ್ಲ ಸರಿಹೋಗುತ್ತದೆ. ಆ ಅಭ್ಯಾಸದಲ್ಲೇ ಅವನು ಚೀಲದಿಂದ ಜರಿಯಂಚಿನ ಶಾಲು ತೆಗೆದು, ನಗುನಗುತ್ತ ಹೋಗಿ, ಅಹನಾಳ ಹೆಗಲಿಗೆ ಹೊದಿಸಿ, ಚಪ್ಪಾಳೆಗಾಗಿ ಸಭೆಯ ಕಡೆ ತಿರುಗಿದ.

ಯಾರೂ ತಟ್ಟಲಿಲ್ಲ. ಸಭೆಯ ಅಧ್ಯಕ್ಷೆ ಬಿರ್ಗಿಟ್ಟಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅಹನಾ, ಇದು ನಿನ್ನದೇ ತೀರ್ಮಾನವೇ? ಹಿಂದೆ ಸರಿ ಎಂದು ಯಾರಾದರೂ ನಿನಗೆ ಹೇಳಿದರೇ?"

ಎಲ್ಲರ ಕಣ್ಣು ಶಾಲಿನ ಮೇಲೆ. ಅವಳು ಹೌದು, ಹೇಳಿದರು ಎಂದರೆ ತನ್ನ ಕಥೆ ಇವತ್ತಿಗೆ ಮುಗಿಯಿತು ಎಂದು ರಾಜಗೋಪಾಲನಿಗೆ ಅರ್ಥವಾಯಿತು. ಅಹನಾ ಒಮ್ಮೆ ಅವನ ಕಡೆ ನೋಡಿದಳು.

"ಇಲ್ಲ. ನನ್ನದೇ," ಎಂದಳು. ಅವಳ ಕಿವಿ ಕೆಂಪಗಾಗಿತ್ತು. ಛೇ, ಒಂದು ಸುಳ್ಳು ಹೇಳಿ ಅಭ್ಯಾಸವಿಲ್ಲದ ಮಗುವಿನಿಂದ ಊರೆಲ್ಲರ ಮುಂದೆ ಸುಳ್ಳು ಹೇಳಿಸಿದೆನಲ್ಲ ಎಂದು ಅವನಿಗೆ ಮುಖ ಎತ್ತಲಾಗಲಿಲ್ಲ.

ಆದರೂ ಹೆಸರು ಕರೆದಾಗ ಹೋದ. ಮೈಕಿನ ಮುಂದೆ ನಿಂತು, ಬಾಯಿಪಾಠ ಮಾಡಿದ್ದನ್ನೆಲ್ಲ ಒಪ್ಪಿಸಿದ: ಸೈಕಲ್ ದಾರಿ, ಶಾಲೆಯ ಊಟ, ಸ್ಟೇಷನ್ನಿನ ಹತ್ತಿರದ ಪಾರ್ಕಿಂಗ್. ಒಂದು ಸಾಲೂ ತಪ್ಪಲಿಲ್ಲ. ಮುಗಿಸಿ ಕಾಗದ ಮಡಚುವಾಗ ಬಿರ್ಗಿಟ್ಟಾ, "ನಿಮಗಿನ್ನೂ ಸಮಯವಿದೆ. ಮತ್ತೇನಾದರೂ ಹೇಳುವುದಿದೆಯೇ?" ಎಂದರು.

ಆಗ ಅವನಿಗೆ ತಾನು ಕೊಟ್ಟ ಮಾತು ನೆನಪಾಯಿತು. ಅಹನಾ ಕುರ್ಚಿಯ ತುದಿಗೆ ಬಂದು ಕೂತಿದ್ದಳು, ಶಾಲು ಇನ್ನೂ ಹೆಗಲ ಮೇಲೇ ಇತ್ತು. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಅವಳ ಮುಖವೆಲ್ಲ ಕಾಯುತ್ತಿತ್ತು. ಏನು ಹೇಳಿದ್ದಳು? ವಯಸ್ಸಾದವರ ವಿಷಯ ಏನೋ. ಅವರಿಗೆ ಏನು ಬೇಕಂತೆ? ಏನು ಇಲ್ಲವಂತೆ? ರಾಜಗೋಪಾಲ ತಲೆಯೆಲ್ಲ ತಡಕಾಡಿದ. ಸಿಕ್ಕಿದ್ದು ಆ ಬಾಗಿಲು ಮತ್ತು ಅದರಲ್ಲಿ ಒಳಗೆ ಬರುತ್ತಿದ್ದ ಜನ ಮಾತ್ರ. ಗಂಟಲು ಸರಿಮಾಡಿಕೊಂಡ.

"ಕೊನೆಯದಾಗಿ ಒಂದು ಮಾತು," ಎಂದ. "ಚಿಕ್ಕವರು ಹಿರಿಯರಿಗೆ ಗೌರವ ಕೊಡಬೇಕು."

ಒಳ್ಳೆಯ ಮಾತೇ ಅಲ್ಲವೇ, ಈ ಸಲ ಸಭೆ ಚಪ್ಪಾಳೆ ತಟ್ಟಿತು. ರಾಜಗೋಪಾಲನಿಗೆ ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು. ಅಹನಾ ಅವನನ್ನೇ ನೋಡುತ್ತಿದ್ದಳು. ಆಮೇಲೆ, ಮನೆಯಲ್ಲಿ ಕಲಿಸಿದ ಹಾಗೆ, ಅವಳೂ ತಟ್ಟಿದಳು.