ಬಿಳಿ ಗೀರಿನ ಟ್ಯೂಲಿಪ್

"ನನ್ನ ಮದುವೆ ಆಗ್ತೀಯಾ, ಆಫ್ರಾ?" ಎಂದು ಬೌಕೆ ಕೇಳಿದ್ದು ಕಾರಿನ ಮುಂದಿನ ಗಾಜನ್ನು ನೋಡಿಕೊಂಡು. ಬೇರೆ ದಾರಿಯೇ ಇರಲಿಲ್ಲ. ಟ್ಯೂಲಿಪ್ ಬೆಳೆಯುವ ಲಿಸ್ಸೆ ಊರಿನಲ್ಲಿ ಹೂವಿನ ಹೊಲ ಸುತ್ತಲು ಬಾಡಿಗೆಗೆ ಸಿಗುವ ಆ ಪುಟಾಣಿ ಕರೆಂಟ್ ಕಾರಿನಲ್ಲಿ ಇಬ್ಬರೇ ಕೂರಬಹುದು, ಅದೂ ಒಬ್ಬರ ಹಿಂದೆ ಒಬ್ಬರು. ಹಿಂದೆ ಕೂತವಳ ಮೊಣಕಾಲು ಓಡಿಸುವವನ ಬೆನ್ನಿಗೆ ತಾಗುತ್ತದೆ, ಮುಖ ಮಾತ್ರ ಕಾಣುವುದಿಲ್ಲ. ಇದನ್ನೆಲ್ಲ ಮೊದಲೇ ಯೋಚಿಸಬೇಕಿತ್ತು. ಆದರೆ ಎಡಕ್ಕೆ ಹಳದಿ, ಬಲಕ್ಕೆ ನೇರಳೆ, ಎದುರಿಗೆ ಕಣ್ಣು ಹೋಗುವಷ್ಟು ದೂರ ಕೆಂಪೋ ಕೆಂಪು ಇರುವಾಗ ಎಪ್ಪತ್ತನಾಲ್ಕರ ಮುದುಕನ ತಲೆಯಾದರೂ ಎಲ್ಲಿ ನೆಟ್ಟಗಿರುತ್ತದೆ?

ಹಿಂದಿನಿಂದ ಬಂದ ಉತ್ತರ ಒಂದೇ ಮಾತು. "ನಿಲ್ಲಿಸು."

ಬೌಕೆ ಮೂವತ್ತೆಂಟು ವರ್ಷ ರೈಲು ಓಡಿಸಿದವನು. ನಿಲ್ಲಿಸುವುದೆಂದರೆ ಅರ್ಧ ಮೈಲಿ ಮೊದಲೇ ಶುರುಮಾಡುವ ಕೆಲಸ. ತಿರುಗಿಸುವುದನ್ನಂತೂ ಹಳಿಯೇ ನೋಡಿಕೊಳ್ಳುತ್ತಿತ್ತು. ಕಾರು ಅತ್ತಿತ್ತ ಓಲಾಡಿ ಕಾಲುವೆಯ ಅಂಚಿಗೆ ಹೋಗಿ ನಿಂತಿತು. ತಿರುಗಿ ನೋಡಿದರೆ ಸೀಟು ಖಾಲಿ. ಎಪ್ಪತ್ತೊಂದರ ಆಫ್ರಾ ಸ್ಕರ್ಟು ಎತ್ತಿ ಹಿಡಿದು, ಹೊಲಕ್ಕೆ ಇಳಿಯಬೇಡಿ ಎಂದು ನಾಲ್ಕು ಭಾಷೆಯಲ್ಲಿ ಬರೆದ ಬೋರ್ಡಿನ ಪಕ್ಕದಲ್ಲೇ ಕೆಂಪು ಸಾಲಿನೊಳಗೆ ನುಗ್ಗಿಯಾಗಿತ್ತು.

ಅವಳದೂ ತಪ್ಪಲ್ಲ ಬಿಡಿ. ಲಕ್ಷ ಕೆಂಪು ಹೂವಿನ ನಡುವೆ ಒಂದಕ್ಕೆ ಬಿಳಿ ಗೀರು ಬಿದ್ದಿದ್ದರೆ ಅದು ರೋಗ. ಬಿಟ್ಟರೆ ಗಿಡಹೇನಿನಿಂದ ಪಕ್ಕದ್ದಕ್ಕೂ ಹರಡುತ್ತದೆ. ಅಂಥದ್ದನ್ನು ಹುಡುಕಿ ಗೆಡ್ಡೆ ಸಮೇತ ಕೀಳುವುದೇ ನಲವತ್ತೊಂದು ವರ್ಷ ಆಫ್ರಾಳ ಕೆಲಸವಾಗಿತ್ತು. ಕೆಲಸ ಬಿಟ್ಟು ಆರು ವರ್ಷವಾದರೂ ಕಣ್ಣಿಗೆ ಆ ಚಟ ಬಿಟ್ಟಿಲ್ಲ. ಒಂದು ಗಿಡ ಕಿತ್ತು ಚೀಲಕ್ಕೆ ಹಾಕಿಕೊಂಡು ಬಂದಳು, ಕೂತಳು, ನೂರು ಗಜ ಹೋಗುವುದರೊಳಗೆ ಮತ್ತೆ ಬೆನ್ನಿಗೆ ತಿವಿದಳು. ಹೀಗೆ ಏಳು ಸಲ ಆಯಿತು. ಮೂರನೆಯದಕ್ಕೆ ಬೌಕೆ ಸಿಡಿಮಿಡಿಗೊಂಡ. ಐದನೆಯದಕ್ಕೆ ಅವನಿಗೂ ಹುಚ್ಚು ಹಿಡಿಯಿತು. ಸೈಕಲ್ಲಿನವರಿಗೆಲ್ಲ ರೈಲಿನ ಹಾಗೆ ಉದ್ದುದ್ದ ಹಾರನ್ ಹೊಡೆದ, ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವನ ಪ್ರಶ್ನೆ ಮಾತ್ರ ಹಾಗೇ ಉಳಿಯಿತು.

ಬೌಕೆಗೆ ಇವತ್ತೇ ಇತ್ಯರ್ಥವಾಗಬೇಕಿತ್ತು. ಎರಡು ವರ್ಷದಿಂದ ಪ್ರತಿ ಗುರುವಾರ ಉಟ್ರೆಕ್ಟ್‌ನಿಂದ ಅವಳ ಮನೆಗೆ ಬಂದು, ಅವಳು ಲೆಕ್ಕವಿಟ್ಟು ಕೊಡುವ ಒಂದೇ ಒಂದು ಬಿಸ್ಕತ್ತು ತಿಂದು, ಕಾಫಿ ಕುಡಿದು ಹೋಗುತ್ತಿದ್ದ. ಹೋದ ವಸಂತದಲ್ಲಿ ವಿಷಯ ತೆಗೆದಾಗ ಬರೋ ವರ್ಷ ನೋಡೋಣ ಅಂದಿದ್ದಳು. ಇವತ್ತೂ ಅದನ್ನೇ ಅಂದರೆ ಇನ್ನು ಗುರುವಾರಗಳೇ ಬೇಡ ಎಂದು ತೀರ್ಮಾನಿಸಿಕೊಂಡೇ ಬಂದಿದ್ದ. ಮರ್ಯಾದೆ ಅನ್ನುವುದೊಂದು ಇರುತ್ತದಲ್ಲ.

ಎಂಟನೆಯ ಸಲ ಕಾರು ನಿಲ್ಲಿಸಿದವನು ಅವನೇ. ಹೊಲಕ್ಕಿಳಿದು, ಎಲ್ಲದಕ್ಕಿಂತ ಚೆಂದ ಕಂಡ ಹೂವನ್ನು ಹುಡುಕಿ ಎಳೆದ. ಮರಳು ಮಣ್ಣು, ಗೆಡ್ಡೆಯೂ ಕಿತ್ತು ಬಂತು. ಅಲ್ಲೇ ಮಂಡಿಯೂರಿ, ಪ್ಯಾಂಟಿನ ಮೇಲೆಲ್ಲ ಮಣ್ಣು ಸುರಿಸಿಕೊಳ್ಳುತ್ತಾ ಅದನ್ನು ಹಿಂದೆಯೇ ಇಳಿದು ಬಂದ ಆಫ್ರಾಳ ಕಡೆಗೆ ಚಾಚಿದ. ಕೆಂಪು ಪಕಳೆಯ ಮೇಲೆ ಬಿಳಿ ಜ್ವಾಲೆಯ ಹಾಗೆ ಗೀರುಗಳು.

ಆಫ್ರಾ ಹೂವು ನೋಡಿದಳು, ಅವನನ್ನು ನೋಡಿದಳು, ನಗು ತಡೆಯಲಾರದೆ ಸಾಲಿನ ನಡುವೆ ಕೂತೇಬಿಟ್ಟಳು. "ಅಯ್ಯೋ ದೇವರೇ. ಬೆಳಗ್ಗೆಯಿಂದ ಏಳು ಕಿತ್ತಿದ್ದು ನೋಡಿದೀಯಲ್ಲೋ. ಹುಡುಕಿ ಹುಡುಕಿ ರೋಗದ್ದನ್ನೇ ತಂದ್ಯಾ?"

"ನನ್ನ ಕಣ್ಣಿಗೆ ಇದೇ ಚೆಂದ ಕಾಣಿಸ್ತು," ಎಂದ ಬೌಕೆ. ಅವನ ಕಿವಿ ಹೊಲಕ್ಕಿಂತ ಕೆಂಪಾಗಿತ್ತು. ಏಳಲು ಹೋದ, ಮಂಡಿ ಕೇಳಲಿಲ್ಲ.

ಅಷ್ಟರಲ್ಲಿ ಹೊಲದ ಯಜಮಾನ ಕ್ನೆಲಿಸ್ ದೂರದಿಂದಲೇ ಬೈಯುತ್ತಾ ಓಡಿ ಬಂದ. ಬೋರ್ಡು ಓದೋಕೆ ಬರಲ್ವಾ, ಫೋಟೊ ಹುಚ್ಚಿಗೆ ಎಷ್ಟು ಗಿಡ ತುಳೀತೀರಿ ಎಂದೆಲ್ಲ ಶುರುಮಾಡಿದವನು ಆಫ್ರಾಳನ್ನು ಕಂಡು ತಟ್ಟನೆ ಟೋಪಿ ತೆಗೆದ. ಅವನಿಗೆ ಈ ಕೆಲಸ ಕಲಿಸಿದವಳೇ ಅವಳು. ಆಫ್ರಾ ಎದ್ದು ಚೀಲ ಕೊಟ್ಟಳು. ಏಳೂ ಅವನ ಹೊಲದವೇ. ಪಾಪ, ಅವನ ಮುಖ ಸಣ್ಣದಾಯಿತು. ನಾಳೆಯೇ ಇನ್ನೊಂದು ಸುತ್ತು ನೋಡಿಸುತ್ತೇನೆ ಎಂದು ಗೊಣಗಿದ. ಮುಂದಿನ ವಾರ ಯಂತ್ರ ತಂದು ಹೂವಿನ ತಲೆಗಳನ್ನೆಲ್ಲ ಹಾರಿಸುತ್ತಾನಂತೆ. ನಮ್ಮ ಕಡೆ ಹೂವು ಯಾರಿಗೆ ಬೇಕು, ಮಣ್ಣೊಳಗಿನ ಗೆಡ್ಡೆ ಬಲಿತು ಬರೋ ವರ್ಷಕ್ಕಾಗಬೇಕು ಅಷ್ಟೆ ಎಂದ. ಆಮೇಲೆ ಬೌಕೆಯ ಕೈಯಲ್ಲಿದ್ದ ಎಂಟನೆಯದಕ್ಕೂ ಕೈ ಚಾಚಿದ.

ಆಫ್ರಾ ನಡುವೆ ಬಂದು ಅದನ್ನು ತಾನೇ ತೆಗೆದುಕೊಂಡಳು.

"ಅದು ರೋಗದ್ದಲ್ವಾ," ಎಂದ ಕ್ನೆಲಿಸ್. "ಒಂದನ್ನೂ ಬಿಡಬಾರದು, ಮನೆಗಂತೂ ಒಯ್ಯಲೇಬಾರದು ಅಂತ ನಮಗೆಲ್ಲ ಬೈದು ಬೈದು ಕಲಿಸಿದವರು ನೀವು."

ಆಫ್ರಾ ಕಾಂಡವನ್ನು ಲಟಕ್ಕನೆ ಮುರಿದಳು. ಗೆಡ್ಡೆಯನ್ನು ಅವನ ಅಂಗೈಗೆ ಹಾಕಿ, ಹೂವನ್ನು ತನ್ನ ಕೋಟಿನ ಗುಂಡಿಗೆ ಸಿಕ್ಕಿಸಿಕೊಂಡು, ಇನ್ನೂ ಮಂಡಿಯೂರಿಯೇ ಇದ್ದ ಬೌಕೆಯ ತೋಳಿಗೆ ಕೈ ಕೊಟ್ಟು ಎಬ್ಬಿಸಿದಳು.

"ಬರೋ ವರ್ಷದ ಚಿಂತೆ ನಿನಗಿರಲಿ ಕಣಪ್ಪಾ," ಎಂದಳು. "ನಮ್ಮಿಬ್ಬರಿಗೆ ಈ ವರ್ಷದ ಹೂವು ಸಾಕು."