ಕತ್ತರಿ ಇಟ್ಟು ಹೋಗು

ಚಳಿಗಾಲದ ಒಂದು ಬೆಳಗ್ಗೆ, ಗೇಟು ತೆರೆಯುವ ಹೊತ್ತಿಗೆ, ಅಕ್ಕ ಆ ಚೀಲದ ಕಂಪನಿಯ ಮುಂದೆ ನಿಂತಿದ್ದಳು. ಕೆಲಸ ಬೇಕು ಅಂದಳು. ಅವಳಿಗೆ ಬೇಕಾದದ್ದು ಕೆಲಸವಲ್ಲ, ಮ್ಯಾನೇಜರನ ಮಾನ.

ಹಿಂದಿನ ವಾರವಷ್ಟೇ ಆತ ಅವಳ ತಂಗಿಯನ್ನು ಹೊರಗೆ ಹಾಕಿದ್ದ. ಬೇರೆಯವರ ಚೀಲಕ್ಕೆ ಕಂಪನಿಯ ಮೇಜಿನ ಮೇಲೆ ಚರ್ಮ ಕತ್ತರಿಸಿದಳು ಎಂಬುದು ಆರೋಪ. ಎಲ್ಲರೆದುರು, "ಕತ್ತರಿ ಇಟ್ಟು ಹೋಗು" ಅಂದನಂತೆ. ತಂಗಿ ಮನೆಗೆ ಬಂದವಳೇ ಗೋಡೆ ಕಡೆ ತಿರುಗಿ ಮಲಗಿದಳು. ಅಕ್ಕ ಕೆಂಡವಾದಾಗ, ತಿರುಗದೆಯೇ ಹೇಳಿದಳು.

"ನಿನ್ನಿಂದ ಏನಾಗತ್ತಕ್ಕ? ಅವನನ್ನ ಅಲ್ಲಾಡಿಸೋಕೆ ಒಳಗಿನವರೇ ಬೇಕು."

ಒಳಗೆ ಸೇರುವುದು ಕಷ್ಟವಾಗಲಿಲ್ಲ. ಕಂಪನಿ ನೋಡನೋಡುತ್ತ ಬೆಳೆಯುತ್ತಿತ್ತು. ನಿನ್ನೆಯ ಗೋದಾಮು ಇಂದು ಹೊಲಿಗೆಯ ಕೋಣೆ. ಗೋಡೆಯ ಬಣ್ಣ ಒಣಗುವ ಮೊದಲೇ ಮೆಷಿನ್ನುಗಳು ಬಂದು ಕೂರುತ್ತಿದ್ದವು. ಯಾರು ಯಾರ ಅಕ್ಕ, ಯಾರು ಯಾರ ಮಾವ ಎಂದು ಕೇಳುವ ಪುರುಸೊತ್ತು ಯಾರಿಗಿತ್ತು? ಒಂದು ಸಹಿ ಮಾತ್ರ ಹಾಕಿಸಿಕೊಂಡರು. ತಾನಾಗಿ ಬಿಟ್ಟುಹೋದವರು ಮೂರು ವರ್ಷ ಬೇರೆಲ್ಲೂ ಚೀಲದ ಕೆಲಸ ಮಾಡುವಂತಿಲ್ಲ. ಕಂಪನಿಯೇ ತೆಗೆದುಹಾಕಿದರೆ ಆ ಕಟ್ಟು ಇಲ್ಲ. ಬಿಟ್ಟುಹೋಗಲು ಬಂದವಳಲ್ಲ ತಾನು ಎಂದುಕೊಂಡು ಅಕ್ಕ ಸಹಿ ಹಾಕಿದಳು.

ಬೆಳೆಯುವ ಕಂಪನಿಯ ಸುಖವೂ ಅವಳಿಗೆ ಸಿಕ್ಕಿತು, ಸಂಕಟವೂ ಸಿಕ್ಕಿತು. ಅಂಟು ಬಳಿಯುತ್ತಿದ್ದವಳು ಬೇಸಿಗೆಗೆ ಮೇಲ್ವಿಚಾರಕಿಯಾದಳು. ಬೆನ್ನು ಬಿಲ್ಲಾಯಿತು, ಬಿಸಿ ಊಟ ಮರೆತೇಹೋಯಿತು. ವಿಚಿತ್ರವೆಂದರೆ, ಪ್ರತಿ ಸಲ ಅವಳನ್ನು ಮೇಲೆತ್ತಿದವನು ಆ ಮ್ಯಾನೇಜರನೇ. ಆಳುಗಳನ್ನು ತೆಗೆಯುವ ಅಧಿಕಾರ ಅದುವರೆಗೆ ಅವನದಾಗಿತ್ತು. ಕೈತುಂಬ ಕೆಲಸವೆಂದು ಯಜಮಾನರಿಗೆ ಹೇಳಿ, ಅದನ್ನೂ ಅವಳಿಗೇ ಬಿಟ್ಟುಕೊಟ್ಟ. ಅವಳ ಮೂಗು, ಗದ್ದ ಎಲ್ಲ ತಂಗಿಯದೇ ಅಚ್ಚು. ಆದರೂ ಇವನಿಗೆ ಗುರುತು ಹತ್ತಲಿಲ್ಲವಲ್ಲ, ಕುರುಡ ಎಂದು ಅಕ್ಕ ಒಳಗೊಳಗೇ ನಕ್ಕಳು.

ಮತ್ತೆ ಚಳಿ ಬಿತ್ತು. ಮ್ಯಾನೇಜರ್ ತಾನಾಗಿಯೇ ಬಲೆಗೆ ಬಿದ್ದ. ಬೇರೆ ಯಾರದೋ ಚೀಲಕ್ಕೆ ಕಂಪನಿಯ ಮೇಜಿನ ಮೇಲೆ, ಅವಳ ಕಣ್ಣೆದುರೇ ಚರ್ಮ ಕತ್ತರಿಸತೊಡಗಿದ. ಅಕ್ಕ ಯಜಮಾನರಿಗೆ ಫೋನು ಮಾಡಿದಳು. ಅವರು ಇನ್ನೊಂದು ಊರಿನಲ್ಲಿ ಹೊಸ ಶಾಖೆ ತೆರೆಯುವ ಗಡಿಬಿಡಿಯಲ್ಲಿದ್ದರು. ತೆಗೆದುಹಾಕಿ ಎಂದು ಫೋನಿಟ್ಟರು.

ಶುಕ್ರವಾರ ಮಧ್ಯಾಹ್ನ ಅಕ್ಕ ಎಲ್ಲ ಮೆಷಿನ್ನುಗಳನ್ನೂ ನಿಲ್ಲಿಸಿದಳು. ಒಂದು ವರ್ಷ ನಾಲಿಗೆಯ ಮೇಲೆ ಇಟ್ಟುಕೊಂಡಿದ್ದ ಮಾತನ್ನು ಎಲ್ಲರೆದುರು ಬಾಯಿ ತುಂಬ ಆಡಿದಳು.

"ಕತ್ತರಿ ಇಟ್ಟು ಹೋಗು."

ಆತ ಇಟ್ಟ. ತಲೆ ತಗ್ಗಿಸುತ್ತಾನೆಂದು ಅವಳು ಕಾದಳು. ಆತ ಹತ್ತಿರ ಬಂದು, ಬೇರೆಯವರಿಗೆ ಕೇಳದಷ್ಟು ಮೆತ್ತಗೆ ಮಾತಾಡಿದ. ಅಷ್ಟು ದಿನ ಮೇಡಂ ಅನ್ನುತ್ತಿದ್ದವನು ಮೊದಲ ಸಲ ಅಕ್ಕ ಅಂದ.

"ನಾನಾಗೇ ಬಿಟ್ಟಿದ್ರೆ ಮೂರು ವರ್ಷ ಕೈಕಟ್ಟಿ ಕೂರಬೇಕಿತ್ತು, ಅಕ್ಕಾ. ನಿಮ್ಮ ತಂಗಿನ ನಾನು ತೆಗೆದದ್ದೂ ಅದಕ್ಕೇ. ಸೋಮವಾರ ನಂದೂ ಅವಳದೂ ಚೀಲದ ಅಂಗಡಿ ಶುರು. ನಿಮಗೆ ಮೊದಲೇ ಹೇಳೋಣ ಅಂದೆ. ಅವಳೇ ಬೇಡ, ಅಕ್ಕನ ಸಿಟ್ಟು ನಿಜವಾಗಿದ್ರೇನೇ ಕೆಲಸ ಆಗೋದು ಅಂದ್ಲು. ನಿಮ್ಮನ್ನೂ ಕರ್ಕೊಳ್ತಿದ್ವಿ, ಆದ್ರೆ ನಿಮ್ಮನ್ನ ತೆಗೆಯೋರು ಬೇಕಲ್ಲ."

ಶುಕ್ರವಾರ ಆತ ಹೋದ. ಶನಿವಾರ, ಬಟ್ಟೆಬರೆ ಕಟ್ಟಿಕೊಂಡು, ತಂಗಿ.